ಒಂದು ಕತ್ತರಿ ಹಾಕಿ ಕೊಡಿ, ಅಕ್ಕೋರೆ

ಹಾಲಿನ ಪಾಕೀಟು ಕತ್ತರಿಸುವುದಕ್ಕೂ ನನಗೆ ಈಗ ಎಡಗೈಯೇ ಬೇಕು. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದು ಹೋಗಿದೆ ಎಂದು ಕುಮಟೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಅದರಲ್ಲಿ ಬೂದು ಬಣ್ಣದ ಎಲುಬು ಬಿಟ್ಟರೆ ಬೇರೇನೂ ಕಾಣಲಿಲ್ಲ. "ಅಕ್ಕೋರೆ, ಮಿಷನ್ ಬೇಕಾದ್ರೆ ತುಳೀರಿ. ಕತ್ರಿ ಮಾತ್ರ ಇನ್ನು ಮುಟ್ಟುದು ಬ್ಯಾಡ. ಹಿಂಗೇ ಕತ್ತರಸ್ತಾ ಹೋದ್ರೆ ನಾಳೆ ತುತ್ತು ಎತ್ತುಕೂ ಆಗುದಿಲ್ಲ" ಎಂದರು. ಪಾಠ ಹೇಳುವ ಹೆಂಗಸು ಯಾವ ವಯಸ್ಸಿನವಳಾದರೂ ನಮ್ಮ ಕಡೆ ಅಕ್ಕೋರೇ. ಡಾಕ್ಟರ ಹೆಂಡತಿಗೆ ಹೊಲಿಗೆ ಕಲಿಸಿದವಳೂ ನಾನೇ, ಹಾಗಾಗಿ ಅವರಿಗೂ ನಾನು ಅಕ್ಕೋರು.

ಆ ಮಾತು ಕೇಳಿ ನನಗೆ ಹೆದರಿಕೆಯಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯಾಯಿತು. ಸುಸ್ತಾಗಿದೆ ಎಂದರೆ ಈ ಲೋಕದಲ್ಲಿ ಯಾರೂ ನಂಬುವುದಿಲ್ಲ. "ನಿಮ್ಗೆ ಎಂತ ಸುಸ್ತು ಅಕ್ಕೋರೆ, ನೀವು ಇನ್ನೂ ಗಟ್ಟಿ" ಎನ್ನುತ್ತಾರೆ. ಎಲುಬು ಸವೆದಿದೆ ಎಂದು ಡಾಕ್ಟರೇ ಹೇಳಿದ ಮೇಲೆ ನಂಬದೆ ಎಲ್ಲಿ ಹೋಗುತ್ತಾರೆ ಎಂದುಕೊಂಡೆ. ಎಕ್ಸ್‌ರೇಯ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲರಿಗೂ ಕಾಣುವಂತೆ, ಹೊಳನಗದ್ದೆಯ ಮನೆಗೆ ನಡೆದೇ ಬಂದೆ.

ಸರ್ಕಾರಿ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಸೇರಿದಾಗ ನನ್ನನ್ನು ಮೊದಲು ಹಾಕಿದ್ದು ಭಟ್ಕಳಕ್ಕೆ. ಅಲ್ಲಿಯ ಹೆಂಗಸರು ಬುರ್ಖಾವನ್ನು ಬಾಗಿಲ ಹಿಂದಿನ ಮೊಳೆಗೆ ತೂಗಿಹಾಕಿ ಮಿಷನ್ನಿಗೆ ಕೂತರೆಂದರೆ ನಗೆಯೋ ನಗೆ. ಅವರ ನವಾಯತಿಯಲ್ಲಿ ಅರ್ಧ ನಮ್ಮ ನೆರೆಮನೆಯ ಕೊಂಕಣಿಯಂತೆಯೇ ಕೇಳುತ್ತಿತ್ತು, ಉಳಿದರ್ಧವನ್ನು ಕೈಸನ್ನೆಯಲ್ಲೇ ತಿಳಿದುಕೊಳ್ಳುತ್ತಿದ್ದೆ. ಸಂಜೆ ಬಸ್ಸಿನಲ್ಲಿ ಕಂಬಿಗೆ ಒರಗಿ ನಿದ್ದೆ ಹೋದರೆ ಎಚ್ಚರವಾಗುತ್ತಿದ್ದುದು ಶರಾವತಿ ಸೇತುವೆಯ ಮೇಲೆ, ಚಕ್ರದ ಸದ್ದು ಬದಲಾದಾಗ. ಆಮೇಲೆ ಹೊನ್ನಾವರದಲ್ಲಿ ಬಹಳ ವರ್ಷ. ಕೊನೆಗೆ ಕುಮಟೆಗೆ ಬಂದು ಅಲ್ಲಿಯೇ ನಿವೃತ್ತಳಾದೆ. ಇಷ್ಟೂ ವರ್ಷ ಹೆದ್ದಾರಿಯನ್ನು ಅಗೆಯುವುದು, ಅಗಲ ಮಾಡುವುದು ನಡೆದೇ ಇತ್ತು. ಅದು ಮುಗಿಯುವ ಮೊದಲೇ ನನ್ನ ಸರ್ವಿಸ್ ಮುಗಿಯಿತು.

ನಿವೃತ್ತಿ ಎಂದರೆ ಮನೆಯಲ್ಲಿ ಕೂರುವುದು ಎಂದು ನಾನು ತಿಳಿದಿದ್ದೆ. ಊರವರು ತಿಳಿದದ್ದು ಬೇರೆ. ಅಕ್ಕೋರು ಈಗ ಖಾಲಿ ಇದ್ದಾರೆ, ಕರೆದರೆ ಬರುತ್ತಾರೆ ಎಂದು ಅವರ ಲೆಕ್ಕ. ಮಳೆಗಾಲದಲ್ಲಿ ಹೊನ್ನಾವರದ ಹೊಳೆ ಬದಿಯ ಮನೆಗಳಿಗೆ ನೀರು ನುಗ್ಗಿ, ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದರೆ ಮೊದಲ ಫೋನು ನನಗೆ. ದಾನ ಕೊಟ್ಟ ಹಳೆ ಬಟ್ಟೆಯ ಗುಡ್ಡವೇ ಅಲ್ಲಿಗೆ ಬಂದು ಬೀಳುತ್ತದೆ, ಒಂದೂ ಒಬ್ಬರ ಮೈಗೂ ಸರಿಯಾಗುವುದಿಲ್ಲ. ಶಾಲೆಯ ಜಗಲಿಯಲ್ಲಿ ಮಿಷನ್ ಹಾಕಿಕೊಂಡು, ಯಾರದೋ ದೊಡ್ಡ ಬ್ಲೌಸನ್ನು ಯಾರದೋ ಸಣ್ಣ ಮೈಗೆ ಹೊಂದಿಸಿ ಕೊಡುವುದು ನನ್ನ ಕೆಲಸ. ಮನೆ ಮುಳುಗಿದ ಹೆಂಗಸು ಬೇರೆಯವರ ಜೋತಾಡುವ ರವಿಕೆ ತೊಟ್ಟು ಅನ್ನದ ಸಾಲಿನಲ್ಲಿ ನಿಲ್ಲಬಾರದು ಎಂಬುದು ನನ್ನದೊಂದು ಹಟ. ಕೊರೋನಾ ಬಂದಾಗ ಮಾಸ್ಕು, ಶಾಲೆ ಶುರುವಾಗುವಾಗ ಸಮವಸ್ತ್ರ, ಅಂಗನವಾಡಿಗೆ ಚೀಲ. ಬ್ಯಾಂಕಿನಲ್ಲಿದ್ದು ನಿವೃತ್ತರಾದ ನನ್ನ ಗಂಡ ಪೇಪರು ಓದುತ್ತ, "ನೀ ರಿಟೈರ್ ಆದದ್ದು ಸರ್ಕಾರಕ್ಕೆ ಮಾತ್ರ ಗೊತ್ತದೆ" ಎನ್ನುತ್ತಿದ್ದರು. ನಗುತ್ತಿದ್ದೆ. ಒಮ್ಮೊಮ್ಮೆ ನಗುವಷ್ಟೂ ತ್ರಾಣ ಇರುತ್ತಿರಲಿಲ್ಲ.

ನನಗಾಗಿ ಒಂದು ಬ್ಲೌಸ್ ಹೊಲಿದುಕೊಂಡು ಎಷ್ಟೋ ಕಾಲವಾಗಿತ್ತು. ಸರ್ವಿಸಿನಲ್ಲಿದ್ದಾಗಿನವನ್ನೇ ಭುಜದ ಹತ್ತಿರ ಒಂದು ಪಿನ್ನು ಚುಚ್ಚಿ ತೊಡುತ್ತಿದ್ದೆ. ಸೆರಗು ಮುಚ್ಚುತ್ತದೆ, ಯಾರಿಗೆ ಕಾಣುತ್ತದೆ!

ಇವೆಲ್ಲದರ ಜೊತೆಗೆ ಅಘನಾಶಿನಿಯ ಕ್ಲಾಸು. ಹೊಳೆ ಸಮುದ್ರ ಸೇರುವಲ್ಲಿ ಇರುವ ಆ ಊರಿಗೆ ವಾರಕ್ಕೊಮ್ಮೆ ಕುಮಟೆಯಿಂದ ಬಸ್ಸಿನಲ್ಲಿ ಹೋಗಿ, ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ಅವರಲ್ಲಿ ಹೆಚ್ಚಿನವರು ಹೊಳೆಯಲ್ಲಿ ಬಳಚು ಆರಿಸುವವರು. ನೀರು ಇಳಿದಾಗ ಸೊಂಟದ ತನಕ ಹೊಳೆಗಿಳಿದು ಕಾಲಲ್ಲಿ ತಡಕಿ ಚಿಪ್ಪು ತೆಗೆಯುವ ಕೆಲಸ. ಹಾಗಾಗಿ ನನ್ನ ಕ್ಲಾಸಿಗೆ ಗಡಿಯಾರದ ಹೊತ್ತು ಎಂಬುದಿರಲಿಲ್ಲ. ಒಂದು ವಾರ ಬೆಳಿಗ್ಗೆ ನೀರು ಇಳಿದರೆ ಕ್ಲಾಸು ಮಧ್ಯಾಹ್ನ, ಮತ್ತೊಂದು ವಾರ ಮಧ್ಯಾಹ್ನ ಇಳಿದರೆ ಕ್ಲಾಸು ಬೆಳಿಗ್ಗೆ. ಹೊಳೆ ಹೇಳಿದ ಹಾಗೆ ಕೇಳುವ ಟೈಮ್ ಟೇಬಲ್ಲು ಸರ್ಕಾರಿ ಕೇಂದ್ರದಲ್ಲಿದ್ದಿದ್ದರೆ ಮೇಲಿನವರು ನನಗೆ ನೋಟೀಸು ಕೊಡುತ್ತಿದ್ದರು. ಆದರೆ ಆ ಹೆಂಗಸರು ಬಂದರೆಂದರೆ ಮನಸ್ಸಿಟ್ಟು ಕಲಿಯುತ್ತಿದ್ದರು. ನೀರಲ್ಲಿ ನೆನೆದು ಸುಕ್ಕಾದ ಬೆರಳಲ್ಲಿ ಸೂಜಿಗೆ ದಾರ ಪೋಣಿಸುವುದನ್ನು ನೋಡಿದರೆ ನನ್ನ ಸುಸ್ತಿನ ಬಗ್ಗೆ ನನಗೇ ನಾಚಿಕೆಯಾಗುತ್ತಿತ್ತು.

ಅಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಮಾತ್ರವಲ್ಲ, ಭಟ್ಕಳದಿಂದ ಕುಮಟೆಯವರೆಗೆ ನಾನು ಕಲಿಸಿದಲ್ಲೆಲ್ಲ ಇತ್ತು. ಹೊಲಿಯುವವರು ಅವರು, ಕತ್ತರಿಸುವವಳು ನಾನು. ಸೈ ಅನ್ನುವ ಹಾಗೆ ಹೊಲಿಯುತ್ತಾರೆ. ತೋಳು ಕೂರಿಸುತ್ತಾರೆ, ಪಟ್ಟಿ ಇಡುತ್ತಾರೆ, ಲೈನಿಂಗ್ ಹಾಕುತ್ತಾರೆ. ಆದರೆ ಬಟ್ಟೆಗೆ ಕತ್ತರಿ ಹಾಕುವ ಹೊತ್ತಿಗೆ ಎಲ್ಲರ ಕೈಯೂ ಹಿಂದೆ. ಗಿರಾಕಿಗಳು ತಂದ ಬ್ಲೌಸ್ ಪೀಸನ್ನು, ಅದರೊಳಗೆ ಅಳತೆಗೆಂದು ಕೊಟ್ಟ ಹಳೆಯ ಬ್ಲೌಸನ್ನು ಸುತ್ತಿಟ್ಟು, ವಾರವಿಡೀ ಕೂಡಿಹಾಕುತ್ತಾರೆ. ನಾನು ಚಪ್ಪಲಿ ಬಿಟ್ಟು ಒಳಗೆ ಬರುವುದೇ ತಡ, "ಒಂದು ಕತ್ರಿ ಹಾಕಿ ಕೊಡಿ, ಅಕ್ಕೋರೆ." ನಿಮ್ಮ ಕೈಗುಣ ಒಳ್ಳೆಯದು, ನೀವು ಕತ್ತರಿಸಿದ್ದು ಮೈಗೆ ಕೂರುತ್ತದೆ ಎಂದು ಅವರ ನಂಬಿಕೆ. ಮದುವೆಯ ಬಟ್ಟೆಯಾದರೆ ಮೇಲೊಂದು ಅಬ್ಬಲಿಗೆ ಮಾಲೆಯನ್ನೂ ಇಟ್ಟು ಕೊಡುತ್ತಾರೆ. ಹೂವನ್ನು ಮುಡಿಗೆ ಸಿಕ್ಕಿಸಿಕೊಂಡು ಕತ್ತರಿಸಬೇಕು. ಆ ಅಬ್ಬಲಿಗೆ ಎಷ್ಟು ಕಾಲ ನನಗೆ ಚಂದ ಕಂಡಿತ್ತೋ. ಹೆಬ್ಬೆರಳು ಬೇನೆ ಶುರುವಾದ ಮೇಲೆ ದೂರದಿಂದ ಅದರ ಬಣ್ಣ ಕಂಡರೇ ಕೈ ಜುಂ ಎನ್ನುತ್ತಿತ್ತು.

ಕತ್ತರಿಯನ್ನು ನಾನು ಬಿಟ್ಟರೆ ಹಿಡಿಯುವವರು ಬೇಕಿತ್ತು. ಯಾರೂ ಹಿಡಿಯದಿದ್ದರೆ ಕ್ಲಾಸು ಮುಚ್ಚಿದ ಹಾಗೇ. ಊರಿನ ಬಟ್ಟೆಗಳೆಲ್ಲ ಮತ್ತೆ ಕುಮಟೆಯ ಟೈಲರ್ ಅಂಗಡಿಗೆ ಹೋಗುತ್ತವೆ, ಇವರ ಮಿಷನ್ನುಗಳು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ನನ್ನ ಕಣ್ಣಿದ್ದದ್ದು ಒಬ್ಬಳ ಮೇಲೆ. ಕುಮಟೆಯ ಪೇಟೆಯಲ್ಲಿ ಬೆಳಿಗ್ಗೆ ಮೀನು ಮಾರಿ, ಬುಟ್ಟಿ ತೊಳೆದು, ನಾನು ಹತ್ತುವ ಬಸ್ಸಿಗೇ ಹತ್ತಿ ಬರುವ ನಲವತ್ತರ ಹೆಂಗಸು. ಗಂಡ ಬೋಟಿಗೆ ಹೋಗುತ್ತಾನೆ. ಮಾತು ಜೋರು, ಪೇಟೆಯಲ್ಲಿ ಚೌಕಾಶಿಗೆ ಬಂದವರ ಬಾಯಿ ಮುಚ್ಚಿಸುವವಳು. ಹೊಲಿಗೆಯಲ್ಲಿ ನನಗಿಂತ ಚುರುಕು. ಅಂಥವಳೂ ಕತ್ತರಿ ಎಂದರೆ ಬಾಲವಾಡಿಯ ಮಗುವಿನಂತೆ ಮುಖ ಮಾಡುತ್ತಿದ್ದಳು.

ಹಳೆಯ ಪೇಪರ್ ಕೊಟ್ಟೆ. ಅಳತೆ ಹೇಳಿದೆ. ಹಿಂಭಾಗ, ಮುಂಭಾಗ, ತೋಳು, ಬಗಲಿನ ತಿರುವು, ಎಲ್ಲವನ್ನೂ ಒಂದೇ ಏಟಿಗೆ ಕತ್ತರಿಸಿ ಇಟ್ಟಳು. ಒಂದು ಕೂದಲೆಳೆ ಹೆಚ್ಚುಕಮ್ಮಿ ಇರಲಿಲ್ಲ. "ಆತಲ್ಲ! ಇನ್ನು ಇದೇ ಬಟ್ಟೆ ಮೇಲೆ" ಎಂದು ಒಂದು ಪೀಸು ಮುಂದಿಟ್ಟರೆ ಕತ್ತರಿಯನ್ನು ಕೆಳಗಿಟ್ಟಳು.

"ನಾ ಹಾಕುದಿಲ್ಲ ಅಕ್ಕೋರೆ."

"ಎಂತಕ್ಕೆ? ಪೇಪರು ಈಗಷ್ಟೇ ಕತ್ತರಿಸಿದ್ದು ನೀನೇ ಅಲ್ದ ಮಾರಾಯ್ತಿ?"

"ಪೇಪರಿಗೆ ಬಾಯಿಲ್ಲ. ಬಟ್ಟೆ ತಂದವ್ರಿಗೆ ಅದೆ. ಹೊಲ್ಗೆ ತಪ್ಪಿದ್ರೆ ಬಿಚ್ಚಿ ಹೊಲೀಲಕ್ಕು. ಕತ್ರಿಸಿದ್ದು ಕೂಡಿಸುಕೆ ಬತ್ತದಾ? ಮೀನು ಹಾಳಾದ್ರೆ ಒಂದು ದಿನ ಬೈತ್ರು. ಸೀರೆದು ರವ್ಕೆ ಹಾಳಾದ್ರೆ ಸಾಯು ತನ್ಕ ಹೇಳ್ತ್ರು."

ಅವಳು ಹೇಳಿದ್ದು ಸುಳ್ಳಲ್ಲ. ಸಣ್ಣ ಊರಿನಲ್ಲಿ ಕೆಟ್ಟ ರವಿಕೆಯ ನೆನಪು ಕೆಟ್ಟ ಮಾತಿನ ನೆನಪಿಗಿಂತ ಗಟ್ಟಿ. ಮುಂದಿನ ವಾರ ಮತ್ತೆ ಪ್ರಯತ್ನಿಸಿದೆ, ಅದರ ಮುಂದಿನ ವಾರವೂ. ಪುಸಲಾಯಿಸಿದೆ, ಗದರಿದೆ. ಕತ್ತರಿ ನನ್ನ ಹತ್ತಿರವೇ ವಾಪಸು ಬಂತು.

ಎಕ್ಸ್‌ರೇ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡದ್ದೂ ನನ್ನ ಭ್ರಮೆ. ಲಕೋಟೆಯನ್ನು ಕ್ಲಾಸಿಗೆ ಒಯ್ದೆ. ಎಲ್ಲರೂ ಸುತ್ತ ಸೇರಿ ಎಲುಬನ್ನು ನೋಡಿ ಅಯ್ಯೋ ಪಾಪ ಎಂದರು. ನಿಜವಾದ ಮರುಕವೇ ಅದು. ಒಬ್ಬಳು ಮನೆಗೆ ಓಡಿ ಬೆಚ್ಚಗೆ ಮಾಡಿದ ಎಣ್ಣೆ ತಂದು ಹೆಬ್ಬೆರಳು ನೀವಿದಳು. ಒಬ್ಬಳು ಯಾಣದ ಹಾದಿಯಲ್ಲಿ ಬೇರು ಕೊಡುವವರಿದ್ದಾರೆ, ತಂದುಕೊಡುತ್ತೇನೆ ಎಂದಳು. ಇನ್ನೊಬ್ಬಳು ಅಕ್ಕಿ ಗಂಜಿಯ ಶಾಖ ಹೇಳಿದಳು. ಎಣ್ಣೆ ಆರುವ ಮೊದಲೇ ಮೂಲೆಯಿಂದ ಮದುವೆ ಮನೆಯವಳೊಬ್ಬಳು ಎದ್ದು ಬಂದು, ಮಗಳ ಧಾರೆಯ ಬ್ಲೌಸಿನ ಪೀಸನ್ನು ನನ್ನ ಮಡಿಲಿಗೆ ಇಟ್ಟಳು. ಮೇಲೆ ಅಬ್ಬಲಿಗೆ.

"ಕೈ ಬೇನೆ ಅಂತ ಗೊತ್ತದೆ ಅಕ್ಕೋರೆ. ಇದೊಂದು ಹಾಕಿ ಕೊಟ್ಬಿಡಿ. ಇನ್ನು ಮುಂದೆ ಕೇಳುದಿಲ್ಲ."

ಅವಳ ಹಿಂದೆ ಇನ್ನೂ ಪೊಟ್ಟಣಗಳು ಸಾಲಾಗಿ ಕಾಯುತ್ತಿದ್ದವು. ಪ್ರತಿಯೊಂದೂ ‘ಇದೊಂದು’. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗುವ ಹಾಗೆ ಇಟ್ಟೆ. "ಕೇಳಿ ಎಲ್ಲರೂ. ಇವತ್ತಿಂದ ನಾನು ಕತ್ತರಿಸುವುದಿಲ್ಲ. ಮದುವೆದೂ ಇಲ್ಲ, ಮುಂಜಿದೂ ಇಲ್ಲ. ನಿಮ್ಮಲ್ಲಿ ಒಬ್ಬಳು ಕತ್ತರಿ ಹಿಡಿದರೆ ಕ್ಲಾಸು ಇರುತ್ತದೆ. ಇಲ್ಲದಿದ್ದರೆ ಮಳೆಗಾಲ ಹಿಡಿಯುವಾಗ ಈ ಕೋಣೆಗೆ ಬೀಗ. ನನಗೆ ಸಾಕಾಗಿದೆ. ಕೈಗಷ್ಟೇ ಅಲ್ಲ, ನನಗೆ ಸಾಕಾಗಿದೆ."

ಮದುವೆ ಮನೆಯವಳು ಹೂವಿನ ಸಮೇತ ಬಟ್ಟೆಯನ್ನು ಎತ್ತಿಕೊಂಡು ಹೋದಳು. ಮೀನು ಮಾರುವವಳು ನನ್ನ ಕಡೆ ನೋಡದೆ ಮಿಷನ್ನಿಗೆ ಕವರು ಹಾಕಿದಳು. ಬಸ್ಸಿನಲ್ಲಿ ಒಬ್ಬಳೇ ಬಂದೆ. ಬೈದದ್ದಕ್ಕೆ ಬೇಜಾರಾಯಿತೇ ಎಂದರೆ, ಇಲ್ಲ. ಬೈಯುವ ಮಟ್ಟಕ್ಕೆ ಮುಟ್ಟಿಸಿದರಲ್ಲ ಎಂದು ಬೇಜಾರು. ಮನೆಯಲ್ಲಿ ಗಂಡನಿಗೆ ಹೇಳಿದರೆ, "ಒಳ್ಳೇದಾತು. ಇನ್ನಾದ್ರೂ ಕೂತ್ಕ" ಎಂದು ಪೇಪರಿನ ಹಾಳೆ ಮಗುಚಿದರು.

ಎರಡು ದಿನ ಬಿಟ್ಟು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಮೀನು ಮಾರುವವಳು ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಗದ್ದೆಯ ಅಂಚಿನ ಮೇಲೆ ಬಂದಳು. ಎಲೆಯಲ್ಲಿ ಸುತ್ತಿದ ಬಂಗಡೆಯನ್ನು ಕಟ್ಟೆಯ ಮೇಲಿಟ್ಟಳು. ಕೂರು ಎಂದರೆ ಕೂರಲಿಲ್ಲ, ಚಾ ಬೇಡ ಎಂದಳು.

"ನಿಮ್ದೊಂದು ಅಳತೆ ರವ್ಕೆ ಕೊಡಿ ಅಕ್ಕೋರೆ."

"ಯಾರಿಗೆ?"

"ಒಬ್ರಿಗೆ. ನಿಮ್ಮಷ್ಟೇ ಮೈ ಅವ್ರದ್ದು."

ಹೆಚ್ಚು ಕೇಳುವ ಉಮೇದು ನನಗೂ ಇರಲಿಲ್ಲ. ಒಳಗೆ ಹೋಗಿ ಕಪಾಟಿನಲ್ಲಿ ಹುಡುಕಿದೆ. ಇದ್ದುದರಲ್ಲಿ ತೇಪೆಯಿಲ್ಲದ್ದು ಸರ್ವಿಸಿನ ಕಾಲದ ಒಂದು ಮರೂನ್ ಬಣ್ಣದ ಬ್ಲೌಸು. ಅದನ್ನೇ ಕೊಟ್ಟೆ. ಅವಳು ಅದನ್ನು ಬುಟ್ಟಿಗೆ ಹಾಕಲಿಲ್ಲ. ಮೀನಿನ ವಾಸನೆ ಹಿಡಿಯುತ್ತದೆಂದು ಮಡಚಿ ಎದೆಗೆ ಒತ್ತಿಕೊಂಡು ಹೋದಳು.

ಮುಂದಿನ ಕ್ಲಾಸಿಗೆ ಹೋಗಲೋ ಬೇಡವೋ ಎಂದು ಬಸ್ ಸ್ಟ್ಯಾಂಡಿನ ತನಕ ಯೋಚಿಸುತ್ತಲೇ ಹೋದೆ. ಯಾರೂ ಬರದಿದ್ದರೆ ಕೋಣೆಗೆ ಬೀಗ ಹಾಕಿಸಿ ವಾಪಸಾಗುವುದೆಂದು ತೀರ್ಮಾನಿಸಿದೆ. ಆದರೆ ಕೋಣೆ ತುಂಬಿತ್ತು. ಹೋದ ಕೂಡಲೇ ಕೇಳುವ ಕೂಗು ಮಾತ್ರ ಕೇಳಲಿಲ್ಲ. ಎಲ್ಲರೂ ಮೀನು ಮಾರುವವಳ ಕಡೆ ನೋಡುತ್ತಿದ್ದರು. ಅವಳು ಮಿಷನ್ನಿನ ಖಾನೆಯಿಂದ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟಳು. ನನ್ನ ಹಳೆಯ ಮರೂನ್ ಬ್ಲೌಸು, ಅದರೊಳಗೆ ಹೊಸದೊಂದು. ಎಲೆಹಸಿರು, ಅಂಚಿಗೆ ತೆಳ್ಳಗೆ ಕೆಂಪು ಪಟ್ಟಿ.

"ನಾನೇ ಕತ್ರಿಸಿದ್ದು," ಎಂದಳು. ಧ್ವನಿ ಪೇಟೆಯ ಧ್ವನಿಯಾಗಿರಲಿಲ್ಲ.

"ನನಗಾ?"

"ಮತ್ತ್ಯಾರಿಗೆ? ಮೊದ್ಲಿಂದು ಹಾಳಾಗುದೇ ಹೌದಾದ್ರೆ ನಿಮ್ದೇ ಹಾಳಾಗ್ಲಿ ಅಂದೆ. ಬೇರೆಯವ್ರಾದ್ರೆ ಊರೆಲ್ಲ ಹೇಳ್ತ್ರು. ನೀವು ಬೈತ್ರಿ, ಅಷ್ಟೆ. ನಿಮ್ಮ ಬೈಗುಳ ನಂಗೆ ರೂಢಿ ಆಗೋಗದೆ."

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಪಕ್ಕದ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ತೊಡುವ ಮೊದಲು ಅಭ್ಯಾಸಬಲದಿಂದ ಒಳಗುಹೊರಗು ಮಾಡಿ ನೋಡಿದೆ. ಹಳೆಯದರ ಮೇಲೆ ಹೊಸದನ್ನು ಹಾಸಿದೆ. ಭುಜಕ್ಕೆ ಭುಜ, ಬಗಲಿಗೆ ಬಗಲು, ಎಲ್ಲಿಯೂ ಕದಲಲಿಲ್ಲ. ನನ್ನ ಇಡೀ ಸರ್ವಿಸಿನಲ್ಲಿ ಮೊದಲ ಸಲ ಕತ್ತರಿ ಹಾಕಿದವರು ಇಷ್ಟು ಶುದ್ಧವಾಗಿ ಕತ್ತರಿಸಿದ್ದನ್ನು ನಾನು ಕಂಡಿರಲಿಲ್ಲ. ತೊಟ್ಟು ಹುಕ್ಕು ಹಾಕಿಕೊಂಡೆ. ಭುಜ ಎರಡೂ ಕಡೆ ಜಾರಿ ತೋಳಿನ ಮೇಲೆ ಬಂದು ನಿಂತಿತು. ಎದೆಯ ಮೇಲೆ ಬಟ್ಟೆ ಸಡಿಲವಾಗಿ ನೆರಿಗೆಗಟ್ಟಿತು. ಕಾಳಜಿ ಕೇಂದ್ರದಲ್ಲಿ ದಾನದ ರವಿಕೆ ತೊಟ್ಟು ನನ್ನ ಮುಂದೆ ನಿಲ್ಲುವ ಹೆಂಗಸರ ಹಾಗೆಯೇ ನಾನು ನಿಂತಿದ್ದೆ.

ಸೆರಗು ಹೊದ್ದು ಹೊರಗೆ ಬಂದು, "ಬಹಳ ಚಂದ ಆಗಿದೆ" ಎಂದೆ. ಆದರೆ ಅವಳು ಮೀನಿನ ಕಿವಿರು ಎತ್ತಿ ನೋಡದೆ ಕೊಳ್ಳುವವಳಲ್ಲ. ಹತ್ತಿರ ಬಂದು ಸೆರಗು ಸರಿಸಿ ನೋಡಿಯೇ ಬಿಟ್ಟಳು. ಮುಖ ಸಣ್ಣದಾಯಿತು.

"ತಪ್ಪಾತು ಅಲ್ದ ಅಕ್ಕೋರೆ?"

"ಕತ್ತರಿ ತಪ್ಪಿಲ್ಲ ಮಾರಾಯ್ತಿ. ಅಳತೆಯ ಹಾಗೆಯೇ ಇದೆ. ಮೈ ಮೊದಲಿನ ಹಾಗಿಲ್ಲ."

ಅವಳು ನನ್ನನ್ನೇ ನೋಡಿದಳು. ವಾರ ವಾರ ನೋಡುತ್ತಿದ್ದವಳೇ, ಆದರೂ ಈಗ ಕಂಡ ಹಾಗೆ. "ಇಷ್ಟು ಇಳ್ದ್ಬಿಟ್ರಿ ಅಕ್ಕೋರೆ. ನಮ್ಗೆ ಗೊತ್ತೇ ಆಗ್ಲಿಲ್ಲ" ಎಂದಳು. ಆಮೇಲೆ ನನ್ನ ಕೊರಳಲ್ಲಿ ತೂಗುತ್ತಿದ್ದ ಟೇಪನ್ನು ತಾನೇ ತೆಗೆದುಕೊಂಡಳು. "ಕೈ ಎತ್ತಿ" ಎಂದಳು. ಎತ್ತಿದೆ. ಭುಜ, ಎದೆ, ಸೊಂಟ, ತೋಳು. ಉಪ್ಪುನೀರಿಗೆ ಒರಟಾದ ಬೆರಳುಗಳು ಹಗುರವಾಗಿ ತಾಗಿ ಹೋಗುತ್ತಿದ್ದವು. ಲೆಕ್ಕವಿಲ್ಲದಷ್ಟು ಮೈಗಳ ಅಳತೆ ತೆಗೆದವಳು ನಾನು. ನನ್ನ ಅಳತೆಯನ್ನು ಇನ್ನೊಬ್ಬರು ತೆಗೆದದ್ದು ಯಾವ ಕಾಲದಲ್ಲೋ ನೆನಪಿಲ್ಲ. ಕಣ್ಣು ತುಂಬಿ ಬಂತು, ಚಾವಣಿಯ ಕಡೆ ನೋಡುತ್ತ ನಿಂತೆ.

ಬ್ಲೌಸನ್ನು ಬಿಚ್ಚಿ ಕೊಟ್ಟು ನನ್ನದನ್ನು ತೊಟ್ಟು ಬರುವಷ್ಟರಲ್ಲಿ ಕೋಣೆಯ ರೀತಿಯೇ ಬದಲಾಗಿತ್ತು. ಮದುವೆ ಮನೆಯವಳು ಎದ್ದಿದ್ದಳು. ಧಾರೆಯ ಪೀಸು ಅವಳ ಕೈಯಲ್ಲಿತ್ತು. ಮೇಲೆ ಹೊಸ ಅಬ್ಬಲಿಗೆ. ನನ್ನ ಎದುರಿನಿಂದಲೇ ದಾಟಿ ಹೋಗಿ ಅದನ್ನು ಮೀನು ಮಾರುವವಳ ಮೇಜಿನ ಮೇಲೆ ಇಟ್ಟಳು. "ಅಕ್ಕೋರ ಬಟ್ಟೆಗೇ ಕತ್ರಿ ಹಾಕಿದವ್ಳು ನಂದಕ್ಕೆ ಹೆದ್ರುದು ಎಂತಕ್ಕೆ? ಹಾಕೇ" ಎಂದಳು. ಮೀನು ಮಾರುವವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಹೂವನ್ನು ತೆಗೆದು ಮುಡಿಗೆ ಸಿಕ್ಕಿಸಿಕೊಂಡಳು, ಚಾಕ್‌ನಿಂದ ಗುರುತು ಹಾಕಿದಳು, ನನ್ನ ಕತ್ತರಿಯನ್ನೇ ಎತ್ತಿಕೊಂಡಳು. ರೇಷ್ಮೆಯ ಮೇಲೆ ಕತ್ತರಿ ಓಡುವ ಆ ಸದ್ದು ನನಗೆ ಗೊತ್ತು. ಕೈ ನಡುಗಿದರೆ ಅದು ತುಂಡು ತುಂಡಾಗಿ ಕೇಳುತ್ತದೆ. ಅಂದು ಒಂದೇ ಎಳೆಯಾಗಿ ಕೇಳಿತು.

ಆಮೇಲೆ ಉಳಿದ ಪೊಟ್ಟಣಗಳೂ ಒಂದೊಂದಾಗಿ ಅವಳ ಮೇಜಿಗೇ ಹೋದವು. ನಾನು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆ. ಯಾರೋ ಚಾ ತಂದುಕೊಟ್ಟರು. ಬಿಸಿ ಇರುವಾಗಲೇ ಕುಡಿದೆ. ಆ ಕೋಣೆಯಲ್ಲಿ ಅದಕ್ಕೆ ಮೊದಲು ಬಿಸಿ ಚಾ ಕುಡಿದ ನೆನಪಿಲ್ಲ.

ಹೊರಡುವಾಗ ಅವಳು ಬಸ್ಸಿನ ತನಕ ಬಂದಳು. ನನ್ನ ಚೀಲವನ್ನೂ ಹಿಡಿದುಕೊಂಡಿದ್ದಳು.

"ಮುಂದಿನ ವಾರ ನೀವು ಬರುದು ಬ್ಯಾಡ ಅಕ್ಕೋರೆ. ರವ್ಕೆ ಸಣ್ಣ ಮಾಡಿ ನಾನೇ ಮನೆಗೆ ತಂದು ಕೊಡ್ತೆ. ನೀವು ಆರಾಮ ಕೂತ್ಕಣಿ. ನಾವು ನೋಡ್ಕಂತೇವೆ."

ಎಷ್ಟೋ ವರ್ಷಗಳಿಂದ ಯಾರಾದರೂ ಒಬ್ಬರು ಹೇಳಲಿ ಎಂದು ನಾನು ಕಾದಿದ್ದ ಮಾತು ಅದು. ಹೇಳಿದವಳ ಮುಖದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. "ಆತು" ಎಂದೆ. ಬಸ್ಸು ಹತ್ತಿ ಕಿಟಕಿಯ ಬದಿ ಕೂತೆ. ಅವಳು ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟಳು. ಅದು ಯಾವತ್ತಿಗಿಂತ ಹಗುರವಾಗಿತ್ತು, ಕತ್ತರಿ ಅಲ್ಲಿಯೇ ಉಳಿದಿತ್ತು. ಅವಳಾಗಿ ಕೊಡಲಿಲ್ಲ, ನಾನಾಗಿ ಕೇಳಲಿಲ್ಲ.

ಅಂದು ನಾನು ಒಂದು ಎಳೆ ಬಟ್ಟೆಯನ್ನೂ ಕತ್ತರಿಸಿರಲಿಲ್ಲ. ಆದರೂ ಮನೆ ಮುಟ್ಟುವ ತನಕ ಹೆಬ್ಬೆರಳು ನೋಯುತ್ತಲೇ ಇತ್ತು.